ತೋಮನು ಕೇಳಿದ್ದೇನು? ‘ಡೌಟಿಂಗ್ ಥಾಮಸ್’ ಎಂಬ ಮಾತಿನ ಹಿಂದೆ

ಪ್ರಶ್ನೆ: ನಾನು ಹಾಸನದಲ್ಲಿ ಬ್ಯಾಂಕ್ ಉದ್ಯೋಗಿ. ನಮ್ಮದು ಪೂಜೆ, ವ್ರತಗಳು ತಪ್ಪದೆ ನಡೆಯುವ ಮನೆ. ಇತ್ತೀಚೆಗೆ ಹರಕೆ, ಪವಾಡಗಳ ವಿಷಯದಲ್ಲಿ ನನ್ನೊಳಗೆ ಪ್ರಶ್ನೆಗಳು ಏಳುತ್ತಿವೆ. ಊಟದ ಹೊತ್ತಿನಲ್ಲಿ ಅದನ್ನು ಹೇಳಿಕೊಂಡಾಗ ಸಹೋದ್ಯೋಗಿಯೊಬ್ಬರು ‘ನೀವು ಡೌಟಿಂಗ್ ಥಾಮಸ್’ ಎಂದು ನಕ್ಕರು. ಮನೆಯಲ್ಲಿ ಮಾವನವರು ‘ಸಂಶಯಾತ್ಮಾ ವಿನಶ್ಯತಿ’ ಎಂಬ ಗೀತೆಯ ಮಾತನ್ನು ನೆನಪಿಸುತ್ತಾರೆ. ಯಾರು ಈ ಥಾಮಸ್? ಅವನು ನಾಸ್ತಿಕನೇ? ನಮ್ಮಲ್ಲಿ ಇದಕ್ಕೆ ಸಮನಾದ ಮಾತು ಇದೆಯೇ? ಸಂಶಯಪಡುವುದು ಅಷ್ಟು ದೊಡ್ಡ ತಪ್ಪೇ?

ಉತ್ತರ: ನಿಮ್ಮ ಸಹೋದ್ಯೋಗಿ ತಮಾಷೆಗೆ ಹೇಳಿರಬಹುದು. ಆದರೂ ಆ ಮಾತಿನ ಹಿಂದಿರುವುದು ಸುಮಾರು ಎರಡು ಸಾವಿರ ವರ್ಷಗಳಿಂದ ಒಬ್ಬ ಮನುಷ್ಯನ ಹೆಸರಿಗೆ ಅಂಟಿಕೊಂಡಿರುವ ಆರೋಪ. ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಗ್ರೀಕ್ ಮೂಲವನ್ನು ಓದುತ್ತ, ಓದಿಸುತ್ತ ಬಂದ ನನಗೆ ಆ ಆರೋಪ ನ್ಯಾಯವಲ್ಲ ಎಂದು ಬಹಳ ಕಾಲದಿಂದ ಅನ್ನಿಸಿದೆ. ಹಾಗಾಗಿ ಕಥೆಯನ್ನು ಮೂಲದಿಂದಲೇ ಹೇಳುತ್ತೇನೆ.

ಥಾಮಸ್ ಯೇಸುವಿನ ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬ. ಕನ್ನಡ ಬೈಬಲ್‌ನಲ್ಲಿ ಅವನು ತೋಮ. ಅವನಿಗೆ ಹೆಸರು ತಂದ ಘಟನೆ, ಯೇಸುವಿನ ಬದುಕನ್ನು ಹೇಳುವ ನಾಲ್ಕು ಸುವಾರ್ತೆಗಳ ಪೈಕಿ ಯೋಹಾನನ ಸುವಾರ್ತೆಯಲ್ಲಿ ಮಾತ್ರ, ಅದರ 20ನೆಯ ಅಧ್ಯಾಯದಲ್ಲಿ ಇದೆ. ಯೇಸುವನ್ನು ಶಿಲುಬೆಗೇರಿಸಿ ಮೂರನೆಯ ದಿನ. ಸಂಜೆ. ಶಿಷ್ಯರು ಅಧಿಕಾರಸ್ಥರಿಗೆ ಹೆದರಿ ಬಾಗಿಲು ಭದ್ರಪಡಿಸಿಕೊಂಡು ಒಳಗೆ ಕುಳಿತಿದ್ದಾರೆ. ಮುಚ್ಚಿದ ಬಾಗಿಲು ಮುಚ್ಚಿದ್ದಂತೆಯೇ ಯೇಸು ಅವರ ನಡುವೆ ಬಂದು ನಿಲ್ಲುತ್ತಾನೆ, ‘ನಿಮಗೆ ಸಮಾಧಾನವಾಗಲಿ’ ಎನ್ನುತ್ತಾನೆ, ಗಾಯಗೊಂಡ ತನ್ನ ಕೈಗಳನ್ನೂ ಪಕ್ಕೆಯನ್ನೂ ತೋರಿಸುತ್ತಾನೆ. ಶಿಷ್ಯರು ಸಂತೋಷಪಡುತ್ತಾರೆ. ಆ ಹೊತ್ತಿಗೆ ತೋಮನು ಅಲ್ಲಿರಲಿಲ್ಲ. ಎಲ್ಲಿದ್ದ, ಏಕೆ ಹೋಗಿದ್ದ ಎಂಬುದನ್ನು ಕಥೆ ಹೇಳುವುದಿಲ್ಲ. ಉಳಿದವರೆಲ್ಲ ಬಾಗಿಲು ಹಾಕಿಕೊಂಡು ಕುಳಿತ ದಿನ ಹೊರಗೆ ಹೋಗಿದ್ದವನು ಅವನೊಬ್ಬ ಎಂಬುದಂತೂ ನಿಜ.

ಅವನು ಮರಳಿದಾಗ ಉಳಿದವರು ‘ನಾವು ಪ್ರಭುವನ್ನು ಕಂಡೆವು’ ಎನ್ನುತ್ತಾರೆ. ಆಗ ಅವನಾಡಿದ ಮಾತೇ ಪ್ರಸಿದ್ಧವಾದದ್ದು. ಅವನ ಕೈಗಳಲ್ಲಿ ಮೊಳೆಯ ಗುರುತನ್ನು ಕಾಣದೆ, ಆ ಗುರುತಿನಲ್ಲಿ ನನ್ನ ಬೆರಳನ್ನು ಇಡದೆ, ಪಕ್ಕೆಯ ಗಾಯದಲ್ಲಿ ನನ್ನ ಕೈ ಇಡದೆ ನಾನು ನಂಬುವುದೇ ಇಲ್ಲ ಎಂದ. ಗ್ರೀಕ್‌ನಲ್ಲಿ ಇಲ್ಲಿ ಎರಡು ನಿಷೇಧ ಪದಗಳನ್ನು ಒಂದರ ಮೇಲೊಂದು ಹೇರಲಾಗಿದೆ. ಕನ್ನಡದ ‘ಇಲ್ಲವೇ ಇಲ್ಲ’ ಎಂಬಷ್ಟೇ ಗಟ್ಟಿ ಅದು.

ಎಂಟು ದಿನಗಳಾದ ಮೇಲೆ ಮತ್ತೆ ಅದೇ ಮನೆ, ಮತ್ತೆ ಮುಚ್ಚಿದ ಬಾಗಿಲು. ಈ ಸಲ ತೋಮನೂ ಇದ್ದಾನೆ. ಯೇಸು ಬಂದು ನೇರವಾಗಿ ಅವನಿಗೇ ಹೇಳುತ್ತಾನೆ: ಬೆರಳನ್ನು ಇತ್ತ ಚಾಚು, ನನ್ನ ಕೈಗಳನ್ನು ನೋಡು, ನಿನ್ನ ಕೈಯನ್ನು ನನ್ನ ಪಕ್ಕೆಯಲ್ಲಿ ಇಡು, ನಂಬದವನಾಗಬೇಡ, ನಂಬುವವನಾಗು. ತೋಮನ ಉತ್ತರ ತೀರ ಚಿಕ್ಕದು: ‘ನನ್ನ ಪ್ರಭುವೇ, ನನ್ನ ದೇವರೇ.’ ಅದಕ್ಕೆ ಯೇಸು, ನೀನು ನನ್ನನ್ನು ಕಂಡದ್ದರಿಂದ ನಂಬಿದೆ, ಕಾಣದೆ ನಂಬಿದವರು ಧನ್ಯರು ಎನ್ನುತ್ತಾನೆ.

ಕಥೆ ಇಷ್ಟೇ. ಈಗ ನ್ಯಾಯದ ವಿಚಾರಕ್ಕೆ ಬರುತ್ತೇನೆ.

ತೋಮನು ಹೆಚ್ಚಿನದೇನನ್ನು ಕೇಳಿದ? ಮೊದಲ ಸಂಜೆ ಉಳಿದ ಹತ್ತು ಮಂದಿಗೆ (ಯೇಸುವನ್ನು ಹಿಡಿದುಕೊಟ್ಟ ಯೂದನು ಆಗ ಅವರಲ್ಲಿರಲಿಲ್ಲ) ಕೈಗಳನ್ನೂ ಪಕ್ಕೆಯನ್ನೂ ತೋರಿಸಲಾಗಿತ್ತು. ಅವರು ಸಂತೋಷಪಟ್ಟದ್ದು ತೋರಿಸಿದ ಮೇಲೆಯೇ. ತೋಮನು ಬಯಸಿದ್ದು ಅವರಿಗೆ ಸಿಕ್ಕಿದ್ದನ್ನೇ. ಮುಟ್ಟಿ ನೋಡುತ್ತೇನೆ ಎಂದದ್ದು ಒಂದು ಹೆಜ್ಜೆ ಮುಂದೆ ಹೋಯಿತು ಎಂದು ಬೇಕಾದರೆ ಹೇಳಬಹುದು. ಆದರೆ ಲೂಕನ ಸುವಾರ್ತೆಯಲ್ಲಿ ಯೇಸು ಕೂಡಿಬಂದ ಶಿಷ್ಯರಿಗೆಲ್ಲ ತಾನಾಗಿಯೇ ‘ನನ್ನನ್ನು ಮುಟ್ಟಿ ನೋಡಿರಿ’ ಎನ್ನುತ್ತಾನೆ. ಅಷ್ಟಾದರೂ ಅವರು ನಂಬದೆ ಇದ್ದುದರಿಂದ ಅವರೆದುರಿಗೆ ಸುಟ್ಟ ಮೀನಿನ ತುಂಡನ್ನು ತಿಂದು ತೋರಿಸುತ್ತಾನೆ. ಅದೇ ಅಧ್ಯಾಯದಲ್ಲಿ ಸ್ವಲ್ಪ ಮೊದಲು, ಬರಿದಾದ ಸಮಾಧಿಯನ್ನು ಕಂಡುಬಂದ ಹೆಂಗಸರು ಸುದ್ದಿ ತಂದಾಗ ಅಪೊಸ್ತಲರಿಗೆ, ಅಂದರೆ ಆ ಶಿಷ್ಯರಿಗೇ, ಅದು ಬರಿಯ ಹರಟೆಯಾಗಿ ಕೇಳಿಸುತ್ತದೆ. ಹೆಂಗಸರ ಮಾತನ್ನು ಅಷ್ಟು ಸಲೀಸಾಗಿ ತಳ್ಳಿಹಾಕಿದ ಗಂಡಸರಿಗೆ ಚರಿತ್ರೆ ಯಾವ ಅಡ್ಡಹೆಸರನ್ನೂ ಇಡಲಿಲ್ಲ. ತೋಮನಿಗೆ ಮಾತ್ರ ಇಟ್ಟಿತು.

ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ. ‘ನಾನು ನಂಬುವುದೇ ಇಲ್ಲ’ ಎಂದ ಮೇಲೆ ಎಂಟು ದಿನ ಕಳೆದಿವೆ. ಆ ಎಂಟು ದಿನಗಳ ಕೊನೆಯಲ್ಲಿ ಅವನು ಅವರ ಜೊತೆಗೇ ಇದ್ದಾನೆ. ಅವನು ಅವರನ್ನು ಬಿಟ್ಟು ಹೋಗಿಲ್ಲ, ಅವರು ಅವನನ್ನು ಹೊರಗೆ ಹಾಕಿಲ್ಲ. ಒಂದೇ ಕೋಣೆಯಲ್ಲಿ ಹತ್ತು ಮಂದಿ ಕಂಡೆವೆನ್ನುತ್ತಿದ್ದಾರೆ, ಒಬ್ಬ ನಾನು ಕಂಡಿಲ್ಲ ಎನ್ನುತ್ತಿದ್ದಾನೆ, ಆದರೂ ಒಟ್ಟಿಗೆ ಉಳಿದಿದ್ದಾರೆ. ಈ ಕಥೆಯನ್ನು ಬೋಧಿಸುವವರು ಈ ಎಂಟು ದಿನಗಳನ್ನು ಹಾರಿಸಿಬಿಡುತ್ತಾರೆ. ನಿಮ್ಮಂಥವರ ಮನೆಗಳಿಗೆ ಕಥೆಯ ಮುಖ್ಯ ಭಾಗ ಅದೇ ಎಂದು ನನಗೆ ತೋರುತ್ತದೆ.

ಇನ್ನು ಪದದ ವಿಚಾರ. ‘ಡೌಟಿಂಗ್’ ಎಂದರೆ ಸಂಶಯಪಡುವ. ಮೂಲದಲ್ಲಿ ಆ ಪದವೇ ಇಲ್ಲ. ಯೇಸು ತೋಮನಿಗೆ ಹೇಳುವಾಗ ಬಳಸಿದ ಗ್ರೀಕ್ ಪದ ‘ಅಪಿಸ್ತೋಸ್’, ಎಂದರೆ ನಂಬದವನು, ವಿಶ್ವಾಸವಿಲ್ಲದವನು. ಬಹಳಷ್ಟು ಭಾಷೆಗಳು ಇದನ್ನೇ ಉಳಿಸಿಕೊಂಡಿವೆ. ಗ್ರೀಕರಿಗೆ ಅವನು ಇಂದಿಗೂ ‘ಅಪಿಸ್ತೋಸ್ ಥೋಮಾಸ್’, ಜರ್ಮನರಿಗೆ ‘ಉನ್‌ಗ್ಲೊಯ್ಬಿಗರ್ ಥೋಮಾಸ್’, ರಷ್ಯನ್ನರಿಗೆ ‘ಫೋಮಾ ನೆವೇರುಯುಷ್ಚಿ’. ಮೂರರ ಅರ್ಥವೂ ನಂಬದ ತೋಮ. ಫ್ರೆಂಚರು ವಿಶೇಷಣದ ಗೊಡವೆಗೇ ಹೋಗದೆ, ಕಂಡದ್ದನ್ನಷ್ಟೇ ನಂಬುವವರ ಬಗ್ಗೆ ‘ಸಂತ ತೋಮನ ಹಾಗೆ’ ಎಂದುಬಿಡುತ್ತಾರೆ. ಇಂಗ್ಲಿಷ್ ‘ನಂಬದ’ ಎಂಬುದನ್ನು ‘ಸಂಶಯದ’ ಎಂದು ಮೃದುಗೊಳಿಸಿತು. ನಮಗೆ ಆ ಮಾತು ಬಂದದ್ದು ಇಂಗ್ಲಿಷಿನ ದಾರಿಯಿಂದಲೇ.

ಹಾಗಾದರೆ ಹೊಸ ಒಡಂಬಡಿಕೆಯಲ್ಲಿ ಖಚಿತವಾಗಿ ‘ಸಂಶಯಪಟ್ಟವರು’ ಯಾರು? ಗ್ರೀಕ್‌ನಲ್ಲಿ ‘ದಿಸ್ತಾಜೋ’ ಎಂಬ ಕ್ರಿಯಾಪದವಿದೆ. ಎರಡು ಸಲ ಎಂಬರ್ಥದ ‘ದಿಸ್’ ಎಂಬುದರಿಂದ ಬಂದದ್ದು. ಎರಡು ಕಡೆಗೆ ತೂಗಾಡುವುದು ಎಂದು ಅರ್ಥ. ಇಡೀ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಎರಡೇ ಸಲ, ಎರಡೂ ಮತ್ತಾಯನ ಸುವಾರ್ತೆಯಲ್ಲಿ. ಒಮ್ಮೆ ನೀರಿನ ಮೇಲೆ ನಡೆಯಹೊರಟು ಗಾಳಿಗೆ ಹೆದರಿ ಮುಳುಗತೊಡಗಿದ ಶಿಷ್ಯ ಪೇತ್ರನಿಗೆ ಯೇಸು ‘ಯಾಕೆ ಸಂಶಯಪಟ್ಟೆ’ ಎಂದು ಕೇಳುವಾಗ. ಇನ್ನೊಮ್ಮೆ ಸುವಾರ್ತೆಯ ಕಟ್ಟಕಡೆಗೆ, ಗಲಿಲಾಯದ ಬೆಟ್ಟದ ಮೇಲೆ ಎದ್ದುಬಂದ ಯೇಸುವನ್ನು ಕಣ್ಣೆದುರಿಗೆ ಕಂಡು ಅಡ್ಡಬಿದ್ದವರ ನಡುವೆಯೇ ‘ಕೆಲವರು ಸಂಶಯಪಟ್ಟರು’ ಎನ್ನುವಾಗ. ಪದಕ್ಕೆ ಪದ ಹಿಡಿದು ನೋಡಿದರೆ ಅಡ್ಡಹೆಸರು ಪೇತ್ರನಿಗೆ ಸಲ್ಲಬೇಕಿತ್ತು! ಅವನು ಕ್ರೈಸ್ತ ಸಭೆಗೆ ಆಧಾರವಾದ ಬಂಡೆ ಎನಿಸಿಕೊಂಡ. ಮೊಳೆಯ ಗುರುತು ಕೇಳಿದವನು ಸಂಶಯಗಾರನಾದ.

ಇಲ್ಲೊಂದು ಸ್ವಾರಸ್ಯವಿದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. ‘ತೋಮ’ ಎಂಬುದು ಅರಮಾಯಿಕ್ ಭಾಷೆಯ ಪದ, ಅರ್ಥ ‘ಅವಳಿ’. ಯೋಹಾನನು ಅದನ್ನು ಗ್ರೀಕ್‌ಗೆ ‘ದಿದುಮ’ ಎಂದು ಅನುವಾದಿಸಿಕೊಡುತ್ತಾನೆ. ಅದರ ಅರ್ಥವೂ ಅವಳಿಯೇ. ಯಾರ ಅವಳಿ ಎಂಬುದನ್ನು ಸುವಾರ್ತೆ ತಿಳಿಸುವುದಿಲ್ಲ. ಈಗ ಸಂಶಯವನ್ನು ಹೇಳುವ ಪದಗಳನ್ನು ನೋಡಿ. ಗ್ರೀಕ್‌ನ ‘ದಿಸ್ತಾಜೋ’ದಲ್ಲಿ ಎರಡು ಇದೆ. ಇಂಗ್ಲಿಷಿನ ‘ಡೌಟ್’ ಬಂದದ್ದು ಲ್ಯಾಟಿನ್ನಿನಿಂದ. ಅದರ ಬೇರು ಎರಡು ಎಂಬರ್ಥದ ‘ದುವೊ’ಗೆ ತಾಗುತ್ತದೆ. ಜರ್ಮನ್ನಿನ ‘ತ್ಸ್ವೈಫೆಲ್’ನೊಳಗೆ ‘ತ್ಸ್ವೈ’, ಅಂದರೆ ಎರಡು, ಕುಳಿತಿದೆ. ಕನ್ನಡದ ‘ಇಬ್ಬಗೆ’ಯೂ ಹಾಗೆಯೇ: ಎರಡು ಬಗೆ, ಎರಡಾದ ಮನಸ್ಸು. ಇಷ್ಟೊಂದು ಭಾಷೆಗಳು ಸಂಶಯ ಎಂದಕೂಡಲೇ ಎರಡನ್ನು ನೆನೆದಿವೆ. ಸಂಶಯಕ್ಕೆ ಗುರುತಾಗಿ ನಿಂತವನ ಹೆಸರೇ ಅವಳಿ.

ಯೋಹಾನನು ಈ ಪಾತ್ರಕ್ಕೆ ತೋಮನನ್ನೇ ಏಕೆ ಆರಿಸಿದ? ಉಳಿದ ಮೂರು ಸುವಾರ್ತೆಗಳಲ್ಲಿ ತೋಮನು ಶಿಷ್ಯರ ಪಟ್ಟಿಯಲ್ಲಿರುವ ಒಂದು ಹೆಸರು, ಅಷ್ಟೇ. ಯೋಹಾನನಲ್ಲಿ ಮಾತ್ರ ಅವನಿಗೆ ಬಾಯಿ ಬರುತ್ತದೆ. ಗೆಳೆಯ ಲಾಜರನು ಕಾಯಿಲೆ ಬಿದ್ದ ಸುದ್ದಿ ಬಂದ ಮೇಲೆ ಯೇಸು ಯೂದಾಯಕ್ಕೆ ಹೊರಟಾಗ ಶಿಷ್ಯರು ಬೇಡವೆನ್ನುತ್ತಾರೆ; ಅಲ್ಲಿ ಕಲ್ಲೆಸೆದು ಕೊಲ್ಲಲು ನೋಡಿದ್ದರು. ಆಗ ತೋಮನು ಜೊತೆಯವರಿಗೆ ‘ನಾವೂ ಹೋಗೋಣ, ಅವನೊಂದಿಗೆ ಸಾಯೋಣ’ ಎನ್ನುತ್ತಾನೆ. ಅಂಜುಬುರುಕನ ಮಾತೇ ಇದು? ಕೊನೆಯ ಊಟದ ರಾತ್ರಿ ಯೇಸು ‘ನಾನು ಹೋಗುವ ಸ್ಥಳದ ಮಾರ್ಗ ನಿಮಗೆ ಗೊತ್ತಿದೆ’ ಎಂದಾಗ ತಿಳಿಯದಿದ್ದರೂ ತಿಳಿದವರಂತೆ ಉಳಿದವರು ಸುಮ್ಮನಿರುತ್ತಾರೆ. ತೋಮನು ಮಾತ್ರ, ನೀನು ಎಲ್ಲಿಗೆ ಹೋಗುತ್ತೀಯೋ ನಮಗೆ ಗೊತ್ತಿಲ್ಲ, ಮಾರ್ಗ ಗೊತ್ತಾಗುವುದು ಹೇಗೆ ಎಂದು ಕೇಳುತ್ತಾನೆ. ಕ್ರೈಸ್ತರು ಹೆಚ್ಚು ನೆನೆಯುವ ವಾಕ್ಯಗಳಲ್ಲಿ ಒಂದಾದ ‘ನಾನೇ ಮಾರ್ಗವೂ ಸತ್ಯವೂ ಜೀವವೂ ಆಗಿದ್ದೇನೆ’ ಎಂಬುದು ಆ ಪ್ರಶ್ನೆಗೆ ಸಿಕ್ಕ ಉತ್ತರ. ತರಗತಿಯಲ್ಲಿ ಎಲ್ಲರೂ ತಲೆಯಾಡಿಸುತ್ತಿರುವಾಗ ‘ನನಗೆ ಅರ್ಥವಾಗಲಿಲ್ಲ’ ಎಂದು ಎದ್ದುನಿಲ್ಲುವ ವಿದ್ಯಾರ್ಥಿ ಅವನು. ಮೂರೂ ಸಂದರ್ಭಗಳಲ್ಲಿ ಒಂದೇ ಸ್ವಭಾವ ಕಾಣುತ್ತದೆ. ಮನಸ್ಸಿನಲ್ಲಿರುವುದನ್ನು ಅವನು ಮುಚ್ಚಿಡುವುದಿಲ್ಲ.

ಆ ಸುವಾರ್ತೆ ಬರೆದದ್ದು ಒಂದನೆಯ ಶತಮಾನದ ಕೊನೆಯ ಹೊತ್ತಿಗೆ ಎಂದು ವಿದ್ವಾಂಸರಲ್ಲಿ ಹೆಚ್ಚಿನವರು ಒಪ್ಪುತ್ತಾರೆ. ಯೇಸುವನ್ನು ಕಣ್ಣಾರೆ ಕಂಡವರ ಪೀಳಿಗೆ ಆಗ ಮುಗಿಯುತ್ತಿತ್ತು. ‘ನಾವು ಕಾಣಲಿಲ್ಲವಲ್ಲ’ ಎಂಬುದು ಹೊಸ ಪೀಳಿಗೆಯ ಕೊರಗು. ತಡವಾಗಿ ಬಂದ, ಮೊದಲ ದರ್ಶನವನ್ನು ತಪ್ಪಿಸಿಕೊಂಡ ತೋಮನು ಆ ಓದುಗರ ಪ್ರತಿನಿಧಿ. ‘ಕಾಣದೆ ನಂಬಿದವರು ಧನ್ಯರು’ ಎಂಬ ಮಾತು ತೋಮನಿಗೆ ಹಾಕಿದ ಛೀಮಾರಿಯಂತೆ ಕೇಳಿಸುತ್ತದೆ. ಅದನ್ನು ಓದುಗರಿಗೆ ಹೇಳಿದ ಸಾಂತ್ವನವಾಗಿ ಓದುವುದು ಹೆಚ್ಚು ಸರಿ.

ಅವನು ನಿಜವಾಗಿ ಗಾಯವನ್ನು ಮುಟ್ಟಿದನೇ? ಕಾರವಾಜೊ ಎಂಬ ಇಟಲಿಯ ಚಿತ್ರಕಾರ 1601-02ರ ಸುಮಾರಿಗೆ ಬರೆದ ಚಿತ್ರವೊಂದು ಈಗ ಜರ್ಮನಿಯ ಪೋಟ್ಸ್‌ಡಾಮ್‌ನಲ್ಲಿದೆ. ಅದರಲ್ಲಿ ಯೇಸುವೇ ತೋಮನ ಕೈಹಿಡಿದು ಬೆರಳನ್ನು ಗಾಯದೊಳಕ್ಕೆ ನಡೆಸುತ್ತಾನೆ. ತೋಮನ ಹಣೆ ಸುಕ್ಕುಗಟ್ಟಿದೆ, ಅಂಗಿಯ ಹೊಲಿಗೆ ಹೆಗಲಲ್ಲಿ ಬಿಟ್ಟಿದೆ. ಆ ಚಿತ್ರವನ್ನು ಒಮ್ಮೆ ಕಂಡವರು ಅವನು ಮುಟ್ಟಿಯೇ ಇದ್ದ ಎಂದುಕೊಳ್ಳುತ್ತಾರೆ. ಯೋಹಾನನ ಪಾಠದಲ್ಲಿ ಮುಟ್ಟಿದ ವಿಷಯವಿಲ್ಲ. ಯೇಸು ಕರೆಯುತ್ತಾನೆ, ಮರುವಾಕ್ಯದಲ್ಲೇ ತೋಮನು ‘ನನ್ನ ಪ್ರಭುವೇ’ ಎನ್ನುತ್ತಾನೆ. ‘ಕಂಡದ್ದರಿಂದ ನಂಬಿದೆ’ ಎಂದು ಯೇಸು ಹೇಳುತ್ತಾನೆಯೇ ಹೊರತು ‘ಮುಟ್ಟಿದ್ದರಿಂದ’ ಎನ್ನುವುದಿಲ್ಲ. ಅಷ್ಟು ಹಟದಿಂದ ಷರತ್ತು ಹಾಕಿದವನು, ಷರತ್ತನ್ನು ಪೂರೈಸುತ್ತೇನೆಂದು ಎದುರಿನವನೇ ಮುಂದೆ ಬಂದಾಗ ಅದನ್ನು ಕೈಬಿಟ್ಟ ಎಂದು ನಾನು ಓದಿಕೊಳ್ಳುತ್ತೇನೆ. ಬೇರೆಯಾಗಿ ಓದುವವರೂ ಇದ್ದಾರೆ, ಪಾಠ ಅದಕ್ಕೂ ಎಡೆಗೊಡುತ್ತದೆ.

ಚರ್ಚುಗಳೂ ಅವನ ಬಗ್ಗೆ ಒಂದೇ ದನಿಯಲ್ಲಿ ಮಾತನಾಡಿಲ್ಲ. ಆರನೆಯ ಶತಮಾನದ ಕೊನೆಯಲ್ಲಿ ರೋಮಿನ ಬಿಷಪ್ ಆಗಿದ್ದ ಮಹಾ ಗ್ರೆಗರಿ, ನಂಬಿದ ಶಿಷ್ಯರ ನಂಬಿಕೆಗಿಂತ ತೋಮನ ಅವಿಶ್ವಾಸವೇ ನಮ್ಮ ನಂಬಿಕೆಗೆ ಹೆಚ್ಚು ಉಪಕಾರ ಮಾಡಿತು ಎಂದು ಪ್ರವಚನದಲ್ಲಿ ಹೇಳಿದ. ಪೂರ್ವದ ಆರ್ಥೊಡಾಕ್ಸ್ ಚರ್ಚುಗಳಲ್ಲಿ ಈಸ್ಟರ್ ನಂತರದ ಭಾನುವಾರ ತೋಮನ ಭಾನುವಾರ. ಅಂದಿನ ಹಾಡಿನಲ್ಲಿ ಅವನ ಅವಿಶ್ವಾಸವನ್ನು ‘ಒಳ್ಳೆಯ ಅವಿಶ್ವಾಸ’ ಎಂದೇ ಕರೆಯುತ್ತಾರೆ. 16ನೆಯ ಶತಮಾನದ ಸುಧಾರಕ ಜಾನ್ ಕ್ಯಾಲ್ವಿನ್‌ನಾದರೋ ಅವನ ಹಟವನ್ನು ಬಹಳ ಕಟುವಾಗಿ ಖಂಡಿಸಿದ. ಒಂದೇ ಹತ್ತು ಸಾಲುಗಳನ್ನು ಓದಿ ಒಬ್ಬರು ಹಾಡು ಕಟ್ಟಿದರು, ಇನ್ನೊಬ್ಬರು ಗದರಿಸಿದರು.

ನಮ್ಮ ದೇಶಕ್ಕೂ ತೋಮನಿಗೂ ಇರುವ ನಂಟು ನಿಮಗೆ ತಿಳಿದಿರಬಹುದು. ಸಿರಿಯಾಕ್ ಭಾಷೆಯಲ್ಲಿ ಮೂರನೆಯ ಶತಮಾನದ ಹೊತ್ತಿಗೆ ರಚನೆಯಾದ ‘ತೋಮನ ಕೃತ್ಯಗಳು’ ಎಂಬ ಗ್ರಂಥದಲ್ಲಿ ಶಿಷ್ಯರು ಲೋಕವನ್ನು ಚೀಟಿ ಹಾಕಿ ಹಂಚಿಕೊಳ್ಳುತ್ತಾರೆ. ತೋಮನ ಪಾಲಿಗೆ ಭಾರತ ಬರುತ್ತದೆ. ಅವನು ಅಲ್ಲಿಯೂ ಒಪ್ಪುವುದಿಲ್ಲ! ನಾನು ಇಬ್ರಿಯ, ಭಾರತದವರ ನಡುವೆ ಹೋಗಿ ಹೇಗೆ ಬೋಧಿಸಲಿ ಎನ್ನುತ್ತಾನೆ. ಕೊನೆಗೆ ಯೇಸು ಅವನನ್ನು ಹಬ್ಬಾನ್ ಎಂಬ ವ್ಯಾಪಾರಿಗೆ ಬಡಗಿ ಆಳಾಗಿ ಮಾರಿಬಿಡುತ್ತಾನೆ. ಗುಂದಫರ್ ಎಂಬ ರಾಜ ಅರಮನೆ ಕಟ್ಟಲು ಕೊಟ್ಟ ಹಣವನ್ನು ತೋಮನು ಬಡವರಿಗೆ ಹಂಚಿ, ನಿನ್ನ ಅರಮನೆ ಸ್ವರ್ಗದಲ್ಲಿ ಎದ್ದಿದೆ ಎನ್ನುತ್ತಾನೆ. ಕಾಣದ ಅರಮನೆಯನ್ನು ನಂಬು ಎಂದು ರಾಜನಿಗೆ ಹೇಳುವವನು, ಕಾಣದೆ ನಂಬುವುದಿಲ್ಲ ಎಂದಿದ್ದವನೇ. ಕಥೆ ಕಟ್ಟಿದವರಿಗೆ ಈ ತಿರುವು ಚೆನ್ನಾಗಿ ಗೊತ್ತಿತ್ತು ಎಂದು ನನ್ನ ನಂಬಿಕೆ. ಆ ರಾಜ ಬರಿಯ ಕಲ್ಪನೆಯಲ್ಲ. ವಾಯವ್ಯ ಭಾರತವನ್ನು ಆಳಿದ ಗೊಂಡೊಫರೀಸ್‌ನ ನಾಣ್ಯಗಳು ಸಿಕ್ಕಿವೆ. ಕಥೆಯ ಉಳಿದ ಭಾಗ ಚರಿತ್ರೆಯೇ ಎಂದು ಅದರಿಂದ ಸಿದ್ಧವಾಗುವುದಿಲ್ಲ.

ಕೇರಳದ ಪರಂಪರೆ ಬೇರೆ ದಾರಿ ಹಿಡಿಯುತ್ತದೆ. ಅದರ ಪ್ರಕಾರ ಅವನು ಕ್ರಿ.ಶ. 52ರಲ್ಲಿ ಕೊಡುಂಗಲ್ಲೂರಿನ ಬಳಿ ಇಳಿದ, 72ರಲ್ಲಿ ಚೆನ್ನೈನ ಮೈಲಾಪುರದಲ್ಲಿ ಪ್ರಾಣ ಕೊಟ್ಟ. ಮಾರ್ಗಂಕಳಿ ಎಂಬ ಕುಣಿತದಲ್ಲಿ ದೀಪದ ಸುತ್ತ ನಿಂತು ಹಾಡುವುದು ಅವನ ಕಥೆಯನ್ನೇ. ತೊಮ್ಮ, ತೊಮ್ಮನ್, ಉಮ್ಮನ್ ಎಂದು ಅಲ್ಲಿನ ಮನೆಗಳಲ್ಲಿ ಅವನ ಹೆಸರು ಮಕ್ಕಳಿಗೆ ಬರುತ್ತದೆ. ದಕ್ಷಿಣ ಕನ್ನಡದ ಕಡೆಗೆ ವಲಸೆ ಬಂದ ಆ ಸಮುದಾಯಕ್ಕಾಗಿ 1999ರಲ್ಲಿ ಬೆಳ್ತಂಗಡಿಯಲ್ಲಿ ಧರ್ಮಪ್ರಾಂತ್ಯವೇ ಆಯಿತು. ಇಂಗ್ಲಿಷ್ ಮಾತಿನಲ್ಲಿ ಸಂಶಯಗಾರನಾದವನು ಇವರಿಗೆ ವಂಶದ ಹಿರಿಯ. ಎದೆಯುಬ್ಬಿಸಿ ಹೇಳಿಕೊಳ್ಳುವ ಹೆಸರು.

ಅದೇ ಪರಂಪರೆಯಿಂದ ಬಂದ ಒಬ್ಬರನ್ನು ಇಲ್ಲಿ ನೆನೆಯಬೇಕು. 1898ರಲ್ಲಿ ತಿರುವಲ್ಲದಲ್ಲಿ ಹುಟ್ಟಿದ ಅಬ್ರಹಾಂ ಕೋವೂರ್ ಅವರ ತಂದೆ ಮಾರ್ ತೋಮಾ ಚರ್ಚಿನ ಹಿರಿಯ ಪಾದ್ರಿ. ಅವರ ಹೆಸರಿನಲ್ಲೇ ‘ತೊಮ್ಮ’ ಇತ್ತು. ಮಗ ಸಸ್ಯಶಾಸ್ತ್ರ ಓದಿ, ಶ್ರೀಲಂಕಾದಲ್ಲಿ ಅಧ್ಯಾಪಕರಾಗಿ, ನಿವೃತ್ತಿಯ ನಂತರ ಪವಾಡಗಳ ಪರೀಕ್ಷೆಗೆ ಇಳಿದರು. ಮೋಸಕ್ಕೆ ಆಸ್ಪದವಿಲ್ಲದ ಸ್ಥಿತಿಯಲ್ಲಿ ಅತಿಮಾನುಷ ಶಕ್ತಿಯನ್ನು ತೋರಿಸಿದವರಿಗೆ ಒಂದು ಲಕ್ಷ ರೂಪಾಯಿ ಕೊಡುತ್ತೇನೆ ಎಂದು 1963ರಲ್ಲಿ ಸವಾಲು ಹಾಕಿದರು. ಬೆರಳಿಟ್ಟು ನೋಡದೆ ಒಪ್ಪುವುದಿಲ್ಲ ಎಂಬ ಮಾತನ್ನು ಅವರು ಪದಶಃ ಪಾಲಿಸಿದರು. ನಮ್ಮಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ವೈಜ್ಞಾನಿಕವಾಗಿ ಪರಿಶೀಲಿಸಲು ಸಮಿತಿ ರಚಿಸಿದಾಗ ಎದ್ದ ಚರ್ಚೆ ನಿಮ್ಮ ಮಾವನವರ ಪೀಳಿಗೆಗೆ ನೆನಪಿರಬೇಕು. ಗೌರಿಬಿದನೂರಿನ ಕಡೆಯ ಹಳ್ಳಿಯಿಂದ ಬಂದು ಭೌತಶಾಸ್ತ್ರ ಕಲಿಸಿದ ಆ ಗಾಂಧಿವಾದಿ, ಖಾದಿಯುಟ್ಟು ವಿದ್ಯಾರ್ಥಿನಿಲಯದ ಕೋಣೆಯಲ್ಲೇ ಬಾಳಿದರು. ಸಂಶಯಪಡುವವರು ಲಂಗುಲಗಾಮಿಲ್ಲದವರು ಎಂಬ ಮಾತಿಗೆ ಅವರ ಬದುಕೇ ಉತ್ತರ.

ತೋಮನು ನಾಸ್ತಿಕನೇ ಎಂದು ಕೇಳಿದ್ದೀರಿ. ಅಲ್ಲ. ಆದರೆ ‘ನಾಸ್ತಿಕ’ ಎಂಬ ಪದದ ಅರ್ಥವನ್ನೂ ಸ್ವಲ್ಪ ಬಿಡಿಸಬೇಕು. ಪಾಣಿನಿಯ ಸೂತ್ರವೊಂದು ‘ಅಸ್ತಿ’ ಎಂಬ ಮತಿಯುಳ್ಳವನು ಆಸ್ತಿಕ, ‘ನಾಸ್ತಿ’ ಎಂಬ ಮತಿಯುಳ್ಳವನು ನಾಸ್ತಿಕ ಎಂದು ಪದಗಳನ್ನು ಸಾಧಿಸುತ್ತದೆ. ಏನು ಇದೆ, ಏನು ಇಲ್ಲ? ಪರಲೋಕ ಎಂದು ವ್ಯಾಖ್ಯಾನಕಾರರು ತುಂಬಿದರು. ಮನುಸ್ಮೃತಿ ‘ನಾಸ್ತಿಕೋ ವೇದನಿಂದಕಃ’ ಎಂದು ಅದನ್ನು ವೇದಕ್ಕೆ ಕಟ್ಟಿತು. ದೇವರು ಇಲ್ಲ ಎನ್ನುವವನು ನಾಸ್ತಿಕ ಎಂಬ ಇಂದಿನ ಅರ್ಥ ಈ ಎರಡರಲ್ಲೂ ಇಲ್ಲ. ಜಗತ್ತನ್ನು ಸೃಷ್ಟಿಸಿದ ಈಶ್ವರನ ಅಗತ್ಯವಿಲ್ಲ ಎಂದು ವಾದಿಸಿದ ಮೀಮಾಂಸಕರು ವೇದವನ್ನು ಒಪ್ಪಿದ್ದರಿಂದ ಪರಮ ಆಸ್ತಿಕರು! ನಿಮ್ಮನ್ನು ಯಾರಾದರೂ ನಾಸ್ತಿಕರು ಎಂದರೆ ‘ಯಾವ ಅರ್ಥದಲ್ಲಿ’ ಎಂದು ಕೇಳುವ ಹಕ್ಕು ನಿಮಗಿದೆ.

ತೋಮನಿಗೆ ಸಮನಾದ ಒಂದು ಹೆಸರು ನಮ್ಮಲ್ಲಿಲ್ಲ. ಪ್ರತ್ಯಕ್ಷವನ್ನು ಬಿಟ್ಟು ಬೇರೆ ಪ್ರಮಾಣ ಒಪ್ಪದ ಚಾರ್ವಾಕನು ಹತ್ತಿರ ಬರುತ್ತಾನೆ. ಅವನು ತೋಮನಂತೆ ಮುಂದೆ ಹೋಗಿ ‘ನನ್ನ ದೇವರೇ’ ಎನ್ನುವವನಲ್ಲ. ತೋಮನು ಕಂಡದ್ದು ಗಾಯಗೊಂಡ ಮನುಷ್ಯನನ್ನು, ಒಪ್ಪಿಕೊಂಡದ್ದು ದೇವರನ್ನು ಎಂದು ಸಂತ ಅಗಸ್ಟೀನ್ ಗುರುತಿಸಿದ್ದ. ಕಂಡದ್ದರಿಂದ ಕಾಣದ್ದಕ್ಕೆ ಹೋಗುವುದಕ್ಕೆ ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನ ಎನ್ನುತ್ತಾರೆ. ಹೊಗೆಯಿಂದ ಬೆಂಕಿಯನ್ನು ತಿಳಿಯುವ ಪ್ರಮಾಣ ಅದು. ಕನ್ನಡ ಅದೇ ‘ಅನುಮಾನ’ವನ್ನು ಸಂಶಯಕ್ಕೆ ಬಳಸಿತು. ಶಾಸ್ತ್ರದ ಅರ್ಥದಲ್ಲೂ ಮನೆಮಾತಿನ ಅರ್ಥದಲ್ಲೂ ಅನುಮಾನಪಟ್ಟವನು ತೋಮ. ಹೆಸರಿಲ್ಲದಿದ್ದರೂ ಗಾದೆ ನಮ್ಮಲ್ಲಿದೆ: ‘ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು.’ ತೋಮನಿಗೆ ಕೊನೆಗೆ ಕಂಡದ್ದೇ ಸಾಕಾಯಿತು. ನಮ್ಮ ಅಜ್ಜಂದಿರಿಗೆ ಕಂಡದ್ದೂ ಸಾಲದು.

ಇಂಗ್ಲಿಷಿನ ‘ಸ್ಕೆಪ್ಟಿಕ್’ ಎಂಬುದೂ ಮೂಲದಲ್ಲಿ ಅಲ್ಲಗಳೆಯುವವನಲ್ಲ. ಅದು ಗ್ರೀಕ್‌ನಲ್ಲಿ ಚೆನ್ನಾಗಿ ದಿಟ್ಟಿಸಿ ನೋಡು, ಪರಿಶೀಲಿಸು ಎಂಬ ಧಾತುವಿನಿಂದ ಬಂದದ್ದು. ಸ್ಕೆಪ್ಟಿಕರು ಎಂಬ ಗ್ರೀಕ್ ತತ್ತ್ವಪಂಥದ ಮೂಲಪುರುಷನೆನಿಸಿದ ಪಿರ‍್ಹೋ ಅಲೆಗ್ಸಾಂಡರನ ದಂಡಿನೊಂದಿಗೆ ಭಾರತಕ್ಕೆ ಬಂದು ಇಲ್ಲಿನ ಬೆತ್ತಲೆ ಸಾಧುಗಳನ್ನು ಕಂಡಿದ್ದ ಎಂದು ಗ್ರೀಕರೇ ಬರೆದಿಟ್ಟಿದ್ದಾರೆ.

ಇನ್ನು ನಿಮ್ಮ ಮಾವನವರ ಮಾತು. ‘ಸಂಶಯಾತ್ಮಾ ವಿನಶ್ಯತಿ’ ಎಂಬುದು ಗೀತೆಯ ನಾಲ್ಕನೆಯ ಅಧ್ಯಾಯದ 40ನೆಯ ಶ್ಲೋಕದಲ್ಲಿದೆ, ಅವರು ತಪ್ಪು ಹೇಳಿಲ್ಲ. ಅವರು ಹಾಗೆ ಹೇಳುವುದು ನಿಮ್ಮ ಮೇಲಿನ ಕಾಳಜಿಯಿಂದ ಎಂದೇ ನಾನು ತಿಳಿಯುತ್ತೇನೆ. ಆದರೆ ಆ ಶ್ಲೋಕವನ್ನು ಅದರ ನೆರೆಹೊರೆಯೊಡನೆ ಓದಬೇಕು. ಎರಡೇ ಶ್ಲೋಕಗಳ ನಂತರ ಕೃಷ್ಣನು ಸಂಶಯವನ್ನು ಜ್ಞಾನದ ಕತ್ತಿಯಿಂದ ಕಡಿ ಎನ್ನುತ್ತಾನೆ. ಬಾಯಿ ಮುಚ್ಚಿಕೊಂಡಿರು ಎನ್ನುವುದಿಲ್ಲ. ಆರನೆಯ ಅಧ್ಯಾಯದಲ್ಲಿ ಅರ್ಜುನನು, ನನ್ನ ಈ ಸಂಶಯವನ್ನು ನೀನೇ ಕಡಿಯಬೇಕು, ಬೇರೆ ಯಾರೂ ಸಿಗಲಾರರು ಎಂದು ನೇರವಾಗಿ ಕೇಳುತ್ತಾನೆ. ಅವನು ‘ಸಂದೇಹ ಹೋಯಿತು’ ಎನ್ನುವುದು ಹದಿನೆಂಟನೆಯ ಅಧ್ಯಾಯದ ಕೊನೆಯಲ್ಲಿ. ಅದಕ್ಕೆ ಮುಂಚೆ ಕೃಷ್ಣನು, ಇದೆಲ್ಲವನ್ನೂ ಪೂರ್ತಿ ವಿಮರ್ಶಿಸಿ ನಿನಗೆ ಇಷ್ಟ ಬಂದಂತೆ ಮಾಡು ಎಂದಿದ್ದಾನೆ. ಅರ್ಜುನನು ಕೇಳದೆ ಇದ್ದಿದ್ದರೆ ಗೀತೆ ಎರಡನೆಯ ಅಧ್ಯಾಯದಲ್ಲೇ ನಿಂತುಹೋಗುತ್ತಿತ್ತು. ನಮ್ಮ ತರ್ಕಶಾಸ್ತ್ರವಾದ ನ್ಯಾಯದರ್ಶನದ ಮೊದಲ ಸೂತ್ರ ತಿಳಿಯಬೇಕಾದ ಹದಿನಾರು ಪದಾರ್ಥಗಳನ್ನು ಎಣಿಸುವಾಗ ಪ್ರಮಾಣ, ಪ್ರಮೇಯಗಳಾದ ಕೂಡಲೇ ಮೂರನೆಯದಾಗಿ ಇಡುವುದು ಸಂಶಯವನ್ನು.

ಮಾವನವರೊಡನೆ ಕುಳಿತು ಓದಲು ಕಠೋಪನಿಷತ್ತಿನ ಮೊದಲ ಎರಡು ವಲ್ಲಿಗಳನ್ನು ತೆಗೆದುಕೊಳ್ಳಿ ಎಂದು ಹೇಳುತ್ತೇನೆ. ಸತ್ತ ಮೇಲೆ ಇದೆ ಎಂದು ಕೆಲವರು, ಇಲ್ಲ ಎಂದು ಕೆಲವರು ಹೇಳುತ್ತಾರೆ, ಯಾವುದು ನಿಜ ಎಂದು ಹುಡುಗ ನಚಿಕೇತನು ಯಮನನ್ನೇ ಕೇಳುತ್ತಾನೆ. ಇದರಲ್ಲಿ ಹಿಂದೆ ದೇವತೆಗಳೇ ಸಂಶಯಪಟ್ಟಿದ್ದರು, ಬೇರೆ ವರ ಕೇಳು ಎಂದು ಯಮನು ಆನೆ, ಕುದುರೆ, ಚಿನ್ನದ ಆಸೆ ತೋರಿಸುತ್ತಾನೆ. ಹುಡುಗ ಜಗ್ಗುವುದಿಲ್ಲ. ಕೊನೆಗೆ ಯಮನೇ, ನಿನ್ನಂಥ ಪ್ರಶ್ನೆ ಕೇಳುವವನು ನಮಗೆ ಸಿಗುತ್ತಿರಲಿ ಎನ್ನುತ್ತಾನೆ. ಹರಕೆಯ ಬಗ್ಗೆ ನಿಮಗೆ ಏಳುವ ಪ್ರಶ್ನೆಗಳನ್ನು ಊಟದ ಮೇಜಿಗಿಂತ ಆ ಓದಿನ ಹೊತ್ತಿನಲ್ಲಿ ಎತ್ತುವುದು ಹೆಚ್ಚು ಸುಲಭವಾಗಬಹುದು.

ನಿಮ್ಮ ಸಹೋದ್ಯೋಗಿಗೆ ಯೋಹಾನನ 21ನೆಯ ಅಧ್ಯಾಯವನ್ನು ತೋರಿಸಿ. ಮೊಳೆಯ ಗುರುತಿನ ಕಥೆಯಾದ ಕೂಡಲೇ ಬರುವ ಅಧ್ಯಾಯ ಅದು. ಶಿಷ್ಯರು ತಿಬೇರಿಯ ಸರೋವರದಲ್ಲಿ ರಾತ್ರಿ ಮೀನು ಹಿಡಿಯಲು ದೋಣಿ ಹತ್ತುತ್ತಾರೆ. ಯಾರು ಯಾರು ಇದ್ದರು ಎಂದು ಯೋಹಾನನು ಹೆಸರು ಹೇಳುತ್ತ ಹೋಗುತ್ತಾನೆ. ಮೊದಲ ಹೆಸರು ಪೇತ್ರನದು, ಎರಡನೆಯದು ತೋಮನದು. ಅಲ್ಲಿ ಅವನಿಗಿರುವ ವಿಶೇಷಣ ಒಂದೇ, ದಿದುಮ, ಅಂದರೆ ಅವಳಿ.